ಎರಡು ಹಳ್ಳದ ನಡುವೆ ಒಂದು ಬೆಸುಗೆ

'ಟಣ್' ಅಂತ ಒಂದೇ ಸಪ್ಪಳ. ಜೀಪಿನ ಹಿಂಭಾಗ ಎಡಕ್ಕೆ ಕುಸಿದು ಕೂತಿತು. ಹೆಸರುಕಾಳಿನ ಚೀಲಗಳ ಮೇಲೆ ಕೂತಿದ್ದ ಹುಡುಗರಿಬ್ಬರೂ ಉರುಳಿ ಆಯಿಯ ಉಡಿಗೆ ಬಿದ್ದರು. ಮಾವ ಬ್ರೇಕು ತುಳಿಯಲೇ ಇಲ್ಲ, ಗಾಡಿ ತಾನಾಗಿಯೇ ನಿಂತಿತ್ತು. ಹಿಂದಿನ ಎಡಗಾಲಿ ಬಾಡಿಗೆ ಒತ್ತಿ ಉಜ್ಜಿ, ಜಿಟಿಜಿಟಿ ಮಳೆಯಲ್ಲೂ ರಬ್ಬರು ಸುಟ್ಟ ವಾಸನೆ.

"ಕಮಾನಿನ ಪಾಟಾ ಮುರೀತು" ಅಂತ ಗೊಣಗುತ್ತ ಮಾವ ಇಳಿದ. ರಾಡಿಯಲ್ಲಿ ಮೊಣಕಾಲೂರಿ ಅಡಿಗೆ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದು ಹೇಳಿದ್ದು ಬೇರೆ: "ಪಾಟಾ ಗಟ್ಟಿ ಐತಿ. ಪಾಟಾ ಹಿಡಕೊಂಡಿದ್ದ ಚಾಸೀನ ಹೋಗೈತಿ."

ನಾವು ನಿಂತಿದ್ದ ಜಾಗ ಎಂಥದ್ದು ಅಂತ ಹೇಳದಿದ್ದರೆ ಆ ಮಾತಿನ ಭಾರ ತಿಳಿಯುವುದಿಲ್ಲ. ಗುಡಗೇರಿ ಕುಂದಗೋಳ ತಾಲೂಕಿನ ದೊಡ್ಡ ಊರು. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವ ಪ್ಯಾಸೆಂಜರು ಕುಂದಗೋಳ, ಸಂಶಿ ದಾಟಿ ಇಲ್ಲಿ ನಿಲ್ಲುತ್ತದೆ. ಸುತ್ತ ಎಲ್ಲಿ ನೋಡಿದರೂ ಎರಿಭೂಮಿ. ಬೇಸಿಗೆಯಲ್ಲಿ ದನದ ಕಾಲು ಸಿಕ್ಕಿ ಮುರಿಯುವಷ್ಟು ಬಿರಿಯುವ ಮಣ್ಣು, ಮಳೆ ಬಿದ್ದರೆ ಉಬ್ಬಿ ಅಂಟಾಗಿ ಚಪ್ಪಲಿಯನ್ನೇ ಕಸಿದುಕೊಳ್ಳುತ್ತದೆ. ಇಲ್ಲಿಯ ಹಳ್ಳಗಳದೂ ಅದೇ ಸ್ವಭಾವ, ಇದ್ದರೆ ಅತಿ, ಇಲ್ಲದಿದ್ದರೆ ಏನೂ ಇಲ್ಲ. ತಾಲೂಕಿನ ದೊಡ್ಡ ಹಳ್ಳ ಬೆಣ್ಣಿಹಳ್ಳ. ಶಿಗ್ಗಾಂವಿ ತಾಲೂಕಿನ ದುಂಡಸಿ ಕಡೆ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಹಾಯ್ದು ಮಲಪ್ರಭೆಗೆ ಬೀಳುತ್ತದೆ. ವರ್ಷದ ಬಹುಪಾಲು ಅದರೊಳಗೆ ಕುರಿ ಮೇಯಿಸಬಹುದು. ಮೇಲಿನ ಸೀಮೆಯಲ್ಲಿ ಮಳೆ ಜಡಿದರೆ ಮಾತ್ರ ಕೆಳಗಿನ ಊರಲ್ಲಿ ಬಿಸಿಲಿದ್ದರೂ ರಾತ್ರೋರಾತ್ರಿ ಬಂದು ಬಿಡುತ್ತದೆ. 2009ರಲ್ಲಿ ಹಾಗೇ ಬಂತು. 2019ರ ಆಗಸ್ಟಿನಲ್ಲಿ ಮತ್ತೆ ಬಂತು.

ಮಾವನ ಹೊಲ ಇರುವುದು ಹೆಸರಿಲ್ಲದ ಎರಡು ಸಣ್ಣ ಹಳ್ಳಗಳ ನಡುವೆ. ಒಂದು ಹೊಲದ ಬೆನ್ನಿಗೆ, ಇನ್ನೊಂದು ಊರಿನ ದಾರಿಗೆ ಅಡ್ಡ. ಎರಡೂ ಕೆಳಗೆ ಹೋಗಿ ಕೂಡುತ್ತವೆ. ನಡುವಿನ ತುಂಡು ಭೂಮಿ ತಗ್ಗು. ಅಲ್ಲೊಂದು ತಗಡಿನ ಶೆಡ್ಡು, ಅದರ ಗೋಡೆಯ ಮೇಲೆ 2019ರ ನೀರು ಬಿಟ್ಟು ಹೋದ ರಾಡಿಯ ಗೆರೆ. ನನ್ನ ಎದೆಯ ಮಟ್ಟಕ್ಕೆ ಬರುತ್ತದೆ.

ಶ್ರಾವಣ ಮುಗಿಯುವ ಹೊತ್ತು, ಹೆಸರಿನ ಸುಗ್ಗಿ. ಒಕ್ಕಿ ಚೀಲ ತುಂಬಿಟ್ಟ ಹೆಸರಿಗೆ ಒಂದು ರಾತ್ರಿ ತೇವ ತಾಗಿದರೆ ಸಾಕು, ಬೆಳಗಾಗುವುದರೊಳಗೆ ಮೊಳಕೆ. ಅದಕ್ಕೇ ಮೋಡ ಕಂಡ ಕೂಡಲೇ ಎಲ್ಲರೂ ಹೊರಟಿದ್ದೆವು. ಮಾವ, ಅತ್ತಿ, ಮೊಣಕಾಲು ಹಿಡಿದು ವರ್ಷಗಟ್ಟಲೆಯಾದ ಆಯಿ, ಇಬ್ಬರು ಹುಡುಗರು, ಕೂಲಿಗೆ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು, ನಾನು, ಮೇಲೆ ಎಂಟು ಚೀಲ ಹೆಸರು. ಟ್ರ್ಯಾಕ್ಟರು ಮುಂಜಾನೆಯೇ ಹೊಲದ ನಡುವೆ ಅಚ್ಚಿನವರೆಗೆ ಹುಗಿದಿತ್ತು. ಅದು ಏಳಬೇಕಾದರೆ ಬಿಸಿಲು ಬೀಳಬೇಕು. ಇದ್ದದ್ದು ಈ ಹಳೇ ಕಮಾಂಡರ್ ಜೀಪೊಂದೇ. ಅದು ಈಗ ಹಳ್ಳಕ್ಕೆ ಒಂದು ಕೂಗಳತೆ ದೂರದಲ್ಲಿ, ನೆಲಕ್ಕೆ ಅಂಡೂರಿ ಕೂತಿತ್ತು.

ಪಡುವಣದಲ್ಲಿ ಶಿಗ್ಗಾಂವಿ ಕಡೆಯ ಆಕಾಶ ಇದ್ದಿಲಿನಂತೆ ಕಪ್ಪಾಗಿತ್ತು. ಹುಡುಗರನ್ನು ಹೊತ್ತುಕೊಂಡು ನಡೆದು ದಾಟಬಹುದಿತ್ತು, ಆಯಿಯನ್ನು? ಮಾವ ಹಳ್ಳದ ದಂಡೆಗೆ ಹೋಗಿ ಬಂದ. ದಾಟಿನ ಕಾಂಕ್ರೀಟಿನ ಮೇಲೆ ಪಾದ ಮುಳುಗುವಷ್ಟು ನೀರು, ಬಣ್ಣ ಆಗಲೇ ಚಹಾದ ಬಣ್ಣ. ಬಣ್ಣ ಬದಲಾದರೆ ಮೇಲಿನ ನೀರು ಹೊರಟಿದೆ ಅಂತ ಅರ್ಥ. ಫೋನಿನ ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ಮಾವ ಕರೆದದ್ದು ಗುಡಗೇರಿಯ ವೆಲ್ಡಿಂಗ್ ಮೇಸ್ತ್ರಿಯನ್ನು.

"ಮೇಸ್ತ್ರಿ, ಚಾಸಿ ಹರದೈತಿ. ಹಿಂದಿನ ಎಡಗಡೆ, ಪಾಟಾದ ಮುಂದಿನ ಹ್ಯಾಂಗರ್ ಹಂತೇಲಿ. ಕರೆಂಟ್ ಇಲ್ಲ. ಹಳ್ಳ ಬರಾಕತ್ತೈತಿ."

ಆ ಕಡೆಯಿಂದ ಕೇಳಿದ ಪ್ರಶ್ನೆ ಒಂದೇ: "ಬ್ಯಾಟರಿ ಎಷ್ಟ ಅದಾವ?"

"ಜೀಪಿಂದೊಂದು, ಟ್ರ್ಯಾಕ್ಟರಿಂದೊಂದು."

"ಮೂರನೇದ್ದ ನಾ ತರ್ತೀನಿ. ಎರಡೂ ಬಿಚ್ಚಿ ಇಡ್ರಿ."

ಮೇಸ್ತ್ರಿ ಬಂದದ್ದು ಮೋಟರ್ ಸೈಕಲ್ಲಿನ ಮೇಲೆ. ಹಿಂದೆ ಅವನ ಹುಡುಗ, ಹುಡುಗನ ತೊಡೆಯ ಮೇಲೆ ಬ್ಯಾಟರಿ, ಹೆಗಲಿಗೆ ಕೇಬಲ್ಲಿನ ಸುರುಳಿ, ಅಂಗಿಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಾಡಿನ ಪಾಕೀಟು. ದಾಟಿನ ಮೇಲೆ ಬೈಕು ಒಂದು ಸಲ ಅಡ್ಡ ಸರಿಯಿತು, ಹುಡುಗ ಕಾಲೂರಿದ, ಮತ್ತೆ ನೆಟ್ಟಗಾಯಿತು. ನೀರು ಸೈಲೆನ್ಸರಿನ ಬಾಯಿ ಮುಟ್ಟುತ್ತಿತ್ತು. ದಂಡೆ ಹತ್ತಿದವನೇ ಮೇಸ್ತ್ರಿ ಬೈಕನ್ನು ಜಾಲಿಗಿಡಕ್ಕೆ ಒರಗಿಸಿ, "ಇದು ಇನ್ನ ಇವತ್ತ ಹೊಳ್ಳಿ ಹೋಗೂದಿಲ್ಲ" ಅಂದ. ಬಂದ ದಾರಿ ಮುಚ್ಚಿತು ಅನ್ನುವುದನ್ನು ಆತ ಅಷ್ಟು ಸಲೀಸಾಗಿ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಜಾಕು ಇಟ್ಟ ಕೂಡಲೇ ಎರಿಯಲ್ಲಿ ಇಳಿದು ಹೋಯಿತು. ಶೆಡ್ಡಿನ ಬಾಗಿಲನ್ನೇ ಕಿತ್ತು ತಂದು ಅಡಿಗೆ ಹಾಸಿದೆವು. ಗಾಡಿ ಎದ್ದಿತು. ಮೇಸ್ತ್ರಿ ಬೆನ್ನ ಮೇಲೆ ಜಾರುತ್ತ ಒಳಗೆ ಹೋದ, ನಾನು ಬ್ಯಾಟರಿ ದೀಪ ಹಿಡಿದು ಅವನ ಪಕ್ಕ.

ಗಾಡಿಯ ಅಡಿಗೆ ಬಗ್ಗಿ ನೋಡುವವರು ಕಡಿಮೆ. ಮೇಲೆ ಬಣ್ಣ, ಹಾರ, ನಿಂಬೆಹಣ್ಣು ಎಲ್ಲ ಇರುತ್ತದೆ. ಭಾರ ಹೊರುವುದು ಅಡಿಯ ಎರಡು ಉದ್ದನೆ ಚಾನೆಲ್ಲು, ಅವನ್ನು ಏಣಿಯ ಮೆಟ್ಟಿಲಿನ ಹಾಗೆ ಹಿಡಿದ ಅಡ್ಡಪಟ್ಟಿಗಳು. ನೀರು ಬಿದ್ದ ಮಾತ್ರಕ್ಕೆ ಕಬ್ಬಿಣ ಕೆಡುವುದಿಲ್ಲ, ಬಿದ್ದ ನೀರು ನಿಂತರೆ ಕೆಡುತ್ತದೆ. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ನಿಂತ ಕಬ್ಬಿಣದ ಕಂಬ ಮಲೆನಾಡಿನ ಮಳೆಯನ್ನೆಲ್ಲ ಮೈಮೇಲೆ ಸುರಿಸಿಕೊಂಡೂ ನಿಂತೇ ಇದೆ. ಲೋಹವಿಜ್ಞಾನಿಗಳು ಬಂದು ಪರೀಕ್ಷಿಸಿ ಹೋಗಿದ್ದಾರೆ. ನಮ್ಮ ಜೀಪು ಮಳೆ ಕಡಿಮೆಯ ಕುಂದಗೋಳದಲ್ಲಿದ್ದೂ ಕೊಳೆತಿತ್ತು. ಕಾರಣ ದೀಪದ ಬೆಳಕಿನಲ್ಲಿ ಕಣ್ಣೆದುರಿಗೇ ಇತ್ತು. ನೀರು ಹರಿದು ಹೋಗಲಿ ಅಂತ ಚಾನೆಲ್ಲಿಗೆ ಬಿಟ್ಟ ತೂತುಗಳಲ್ಲಿ ಎರಿಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಆ ಮಣ್ಣಿನಲ್ಲಿ ಯೂರಿಯಾ ಚೀಲ ಒಡೆದು ಉದುರಿದ ಹರಳು, ಎಮ್ಮೆಗರು ಸಾಗಿಸಿದ ದಿನದ ಗಂಜಲ, ಪ್ರತಿ ಉಳ್ಳಾಗಡ್ಡಿ ಸುಗ್ಗಿಯ ರಸ. ಉಪ್ಪು ಕೂಡಿದ ತೇವವನ್ನು ಎರಿ ವರ್ಷಪೂರ್ತಿ ಹಿಡಿದಿಟ್ಟುಕೊಂಡಿತ್ತು. ಹೊರಗೆ ಮಾವ ದೀಪಾವಳಿಗೊಮ್ಮೆ ಬಳಿದ ಕರೀ ಬಣ್ಣ ಮಿರಮಿರ ಮಿಂಚುತ್ತಿತ್ತು.

ಮೇಸ್ತ್ರಿ ಚಿಪ್ಪಿಂಗ್ ಹ್ಯಾಮರಿನಿಂದ ಬಡಿಯುತ್ತ ಬಂದ. ಟಣ್, ಟಣ್, ಟಣ್, ಟಪ್. 'ಟಪ್' ಅಂದಲ್ಲಿ ನಿಂತ. ಸ್ಕ್ರೂಡ್ರೈವರು ಒತ್ತಿದ; ಕಬ್ಬಿಣದೊಳಗೆ ಅದು ಹಿಡಿಕೆಯವರೆಗೆ ಹೋಯಿತು. ಜಂಗು ಪದರು ಪದರಾಗಿ ಮುಖದ ಮೇಲೆ ಉದುರಿತು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಉಬ್ಬುತ್ತ ಒಳಗಿಂದಲೇ ಪದರನ್ನು ಎಬ್ಬಿಸುತ್ತ ಹೋಗುತ್ತದೆ. ಹ್ಯಾಂಗರ್ ಹಿಡಿದಿದ್ದ ಜಾಗದಲ್ಲಿ ಚಾನೆಲ್ಲಿನ ಗೋಡೆ ಹರಿದು ಬಾಯಿ ಬಿಟ್ಟಿತ್ತು, ಅಲ್ಲಿಂದ ಒಂದು ಬಿರುಕು ಕೂದಲೆಳೆಯಷ್ಟು ಸಣ್ಣಗಾಗುತ್ತ ಮೇಲಕ್ಕೆ ಹತ್ತಿತ್ತು.

"ತಮ್ಮಾ, ದೀಪಾ ಇಲ್ಲೆ ಹಿಡಿ." ಆತ ಬೆರಳಿಗೆ ಎಂಜಲು ಹಚ್ಚಿ ಬಿರುಕಿನ ತುದಿ ಒರೆಸಿದ. "ಇದರ ಮೂಗ ಎಲ್ಲೈತಿ ಅಂತ ಮೊದಲ ಸಿಗಬೇಕು."

ತುದಿ ಸಿಕ್ಕಿತು. ಹುಡುಗ ಕೈಡ್ರಿಲ್ಲಿನಿಂದ ಅಲ್ಲೊಂದು ತೂತು ತೆಗೆಯತೊಡಗಿದ. ಹೊರಗೆ ಮಾವ ಹಲ್ಲು ಕಚ್ಚುತ್ತಿದ್ದ. ನೀರು ಏರುತ್ತಿರುವಾಗ ಹರಿದಿದ್ದನ್ನು ಹೊಲಿಯುವುದು ಬಿಟ್ಟು ಇನ್ನೊಂದು ತೂತು! ಆದರೆ ಬಿರುಕು ಓಡುವುದು ತನ್ನ ಚೂಪು ತುದಿಯ ಬಲದಿಂದ. ಎಳೆತವೆಲ್ಲ ಆ ತುದಿಯಲ್ಲಿ ಬಂದು ಕೂರುತ್ತದೆ; ತುದಿಯನ್ನು ದುಂಡಗೆ ಮಾಡಿದರೆ ಎಳೆತ ಸುತ್ತ ಹರಡಿ ಓಟ ನಿಲ್ಲುತ್ತದೆ. ಇದನ್ನು ಕಲಿಯಲು ಜಗತ್ತು ದೊಡ್ಡ ಬೆಲೆ ತೆತ್ತಿದೆ. 1943ರ ಜನವರಿ 16ರ ರಾತ್ರಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ, ಬಿರುಗಾಳಿ ಇಲ್ಲ, ಅಲೆ ಇಲ್ಲ, ಕಟ್ಟೆಗೆ ಕಟ್ಟಿ ನಿಲ್ಲಿಸಿದ್ದ ಸ್ಕೆನೆಕ್ಟಡಿ ಅನ್ನುವ ಹೊಚ್ಚಹೊಸ ತೈಲ ಹಡಗು ನಟ್ಟನಡುವೆ ಬಿರಿದು ಎರಡಾಗುವಷ್ಟಾಯಿತು. ರಿವೆಟ್ ಬಿಟ್ಟು ಬರೀ ಬೆಸುಗೆಯಿಂದ ಅವಸರದಲ್ಲಿ ಕಟ್ಟಿದ ಯುದ್ಧಕಾಲದ ಹಡಗು ಅದು. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು, ಬೆಸೆದ ಹಡಗಿನಲ್ಲಿ ನಿಲ್ಲಲು ಜಾಗವೇ ಇಲ್ಲ. ಅದೇ ಕಾಲದ ಲಿಬರ್ಟಿ ಹಡಗುಗಳಲ್ಲಿ ಬಿರುಕು ಹುಟ್ಟುತ್ತಿದ್ದ ಒಂದು ಜಾಗ ಡೆಕ್ಕಿನ ಬಾಯಿಯ ಚೌಕ ಮೂಲೆ. ಆಮೇಲೆ ಮೂಲೆಗಳನ್ನು ದುಂಡಗೆ ಮಾಡಿದರು. ಮೇಸ್ತ್ರಿಗೆ ಈ ಹಡಗಿನ ಕತೆ ಗೊತ್ತಿಲ್ಲ. ಟ್ರೇಲರುಗಳ ಹರಕು ಹೊಲಿದು ಹೊಲಿದು ಆತ ಅದೇ ಜಾಗಕ್ಕೆ ಬಂದು ನಿಂತಿದ್ದ.

ಮುಂದಿನ ಜಗಳ ತೇಪೆಯದು. ಏನನ್ನು ಹಚ್ಚಬೇಕು? ಮಾವ ಓಡಿಹೋಗಿ ಕುಂಟಿಯ ಕುಡ ತಂದ, ಉಕ್ಕಿನ ಪಟ್ಟಿ, ಕೈಗೆ ಭಾರ.

"ಇದು ಬ್ಯಾಡ ಗೌಡ್ರ."

"ಯಾಕ? ಇದಕ್ಕಿಂತ ಗಟ್ಟಿ ಯಾವದೈತಿ?"

"ಗಟ್ಟಿ ಐತಿ, ಅದಕ್ಕ ಬ್ಯಾಡ. ಇದು, ಹಳೇ ಪಾಟಾ, ಇವೆಲ್ಲಾ ಕಡಕ್ ಮಾಲು. ಬೆಸುಗಿ ಹಿಡದಂಗ ಕಾಣತೈತಿ, ಆರಿದ ಮ್ಯಾಲೆ ಬಾಜೂಕ ಚಟ್ ಅಂತ ಸೀಳತೈತಿ. ನನಗ ಮೆತ್ತನ ಕಬ್ಬಣ ಬೇಕು."

ಮೆತ್ತನೆ ಕಬ್ಬಿಣ ಅಂದರೆ ಇಂಗಾಲ ಕಡಿಮೆಯ ಮೈಲ್ಡ್ ಸ್ಟೀಲು, ಆ್ಯಂಗಲ್ಲು, ಪಟ್ಟಿ, ಗೇಟಿನ ಸರಳು. ಆ ತಗ್ಗು ಹೊಲದಲ್ಲಿ ಅದು ಎಲ್ಲಿ ಸಿಗಬೇಕು? ಕೂಲಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಶೆಡ್ಡಿನ ಪಕ್ಕಕ್ಕೆ ಕೈ ತೋರಿಸಿದಳು. ಬೋರಿನ ಸ್ಟಾರ್ಟರ್ ಡಬ್ಬಿ ಕೂತಿದ್ದ ಸ್ಟ್ಯಾಂಡು! ಒಂದೂವರೆ ಇಂಚಿನ ಆ್ಯಂಗಲ್ಲಿನ ನಾಲ್ಕು ಕಾಲು, ಬೆನ್ನಿಗೊಂದು ಅಗಲ ತಗಡು, ಎರಡು ಸೂತಿಗೆ ತುಸು ಕಡಿಮೆ ದಪ್ಪ. ಡಬ್ಬಿಯನ್ನು ಬಿಚ್ಚಿ ಬೇವಿನ ಟೊಂಗೆಗೆ ನೇತುಹಾಕಿದೆವು. ಹ್ಯಾಕ್ಸಾ ಬ್ಲೇಡು ಕಿರಗುಟ್ಟಿತು. ಒಂದು ಬ್ಲೇಡು ಮುರಿಯಿತು, ಇನ್ನೊಂದು ಹಾಕಿದರು.

ಅಷ್ಟರಲ್ಲಿ ಹಿಂದಿನ ಹಳ್ಳದ ಸದ್ದು ಬದಲಾಗಿತ್ತು. ಅಲ್ಲಿಯವರೆಗೆ ಸರಸರ ಅನ್ನುತ್ತಿದ್ದದ್ದು ಈಗ ಗುಂಯ್ ಅನ್ನುತ್ತಿತ್ತು. ಅತ್ತಿ ಹಿರಿ ಹುಡುಗನನ್ನು ಶೆಡ್ಡಿನ ಕಡೆ ಕಳಿಸಿದಳು, ನೀರು ಎಲ್ಲಿಗೆ ಬಂತು ನೋಡಿ ಬಾ ಅಂತ. ಅವನು ಓಡುತ್ತ ಬಂದು ಹೇಳಿದ: "ಬೇವಿನ ಗಿಡದ ಬುಡಕ್ಕ ಬಂತು."

ಕೊಳೆತದ್ದನ್ನೆಲ್ಲ ಮೇಸ್ತ್ರಿ ಛಿನ್ನಿಯಿಂದ ಕಡಿದು ತೆಗೆಯುತ್ತಿದ್ದ. ತೂತು ಅಂಗೈಯಷ್ಟಿತ್ತು, ಮೊಣಕೈಯಷ್ಟಾಯಿತು. ಮಾವನ ಜೀವ ಬಾಯಿಗೆ ಬಂತು.

"ಇನ್ನೆಷ್ಟ ಕಡೀತೀರಿ?"

"ಛಲೋ ಕಬ್ಬಣ ಸಿಗೂತನಾ. ಜಂಗಿನ ಮ್ಯಾಲೆ ಬೆಸುಗಿ ಹಾಕಿದ್ರ ಗಾಳಿ ಮ್ಯಾಲೆ ಹಾಕಿದಂಗ."

ಉಜ್ಜಿದಲ್ಲಿ ಕೊನೆಗೆ ಬೆಳ್ಳಗೆ ಲೋಹ ಹೊಳೆಯಿತು. ಹಾರಿ ಹಾಕಿ ಅಚ್ಚನ್ನು ಹಿಂದಕ್ಕೆ ಮೀಟಿ, ಹ್ಯಾಂಗರನ್ನು ಮೊದಲಿನ ಜಾಗಕ್ಕೆ ತಂದರು. ಎರಡೂ ಕಡೆ ಮುಂದಿನ ಕಮಾನಿನಿಂದ ಹಿಂದಿನ ಅಚ್ಚಿಗೆ ದಾರ ಹಿಡಿದು ಅಳೆದರು. ಆ ರಾಡಿ, ಆ ಕತ್ತಲೆ, ಆ ಗಡಿಬಿಡಿಯಲ್ಲೂ ದಾರ. ಒಂದು ಬೆರಳು ಹೆಚ್ಚುಕಮ್ಮಿಯಾದರೆ ಗಾಡಿ ದಾಟಿನ ಮೇಲೆ ನೆಟ್ಟಗೆ ಓಡುವುದಿಲ್ಲ, ಏಡಿಯ ಹಾಗೆ ಅಡ್ಡ ನಡೆಯುತ್ತದೆ.

ಈಗ ಬೆಂಕಿ. ಮೂರು ಬ್ಯಾಟರಿಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟು, ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸು ಕೊಟ್ಟು ಜೋಡಿಸಿದರು. ಹನ್ನೆರಡು ಮೂರಲ 36 ವೋಲ್ಟು. ಊರಿನ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರು ಇದರ ಎರಡರಷ್ಟು ವೋಲ್ಟು ಕೊಟ್ಟು ಆರ್ಕ್ ಹೊತ್ತಿಸುತ್ತದೆ. 36ರಲ್ಲಿ ಹೊತ್ತುತ್ತದೆ, ಆದರೆ ಕೈ ನಡುಗಿದರೆ ರಾಡು ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಬ್ಯಾಟರಿಯ ಮೈಯೆಲ್ಲ ಶಾರ್ಟು. ಬ್ಯಾಟರಿ ಕಾದರೆ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಒಂದು ಕಿಡಿ ಸಾಕು, ಆಸಿಡ್ಡಿನ ಸಮೇತ ಸಿಡಿಯುತ್ತದೆ. ಅದಕ್ಕೇ ಮೇಸ್ತ್ರಿ ಬ್ಯಾಟರಿಗಳನ್ನು ಕೇಬಲ್ಲು ಎಟುಕುವಷ್ಟು ದೂರ ಇಡಿಸಿ, ಗಾಳಿಯ ಮೇಲ್ಗಡೆಗೆ ತಾಡಪತ್ರಿ ಕಟ್ಟಿಸಿ, ಮಕ್ಕಳನ್ನು ಅತ್ತ ಸುಳಿಯಗೊಡಲಿಲ್ಲ. ಹೋಲ್ಡರಿಗೆ ಮೈನಸ್, ಗಾಡಿಗೆ ಪ್ಲಸ್. ತೆಳ್ಳಗಾದ ಕಬ್ಬಿಣ ತೂತು ಬೀಳಬಾರದು ಅಂತ ಹಾಗೆ. ಡೀಸೆಲ್ ಟಾಕಿಗೂ ಬ್ರೇಕಿನ ಪೈಪಿಗೂ ನೆನೆಸಿದ ಗೋಣಿಚೀಲ ಹೊದಿಸಿದರು. ಹಳೇ ಗಾಡಿಯಾದ್ದರಿಂದ ಇಷ್ಟಕ್ಕೇ ಮುಗಿಯಿತು. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಡಬ್ಬಿಯ ವೈರು ಕಳಚದೆ ವೆಲ್ಡಿಂಗ್ ಹಚ್ಚಿದರೆ ಚಾಸಿ ಉಳಿದು ಗಾಡಿಯ ತಲೆ ಹೋಗುತ್ತದೆ.

ಇಷ್ಟೆಲ್ಲ ಆಗಿ ಮೊದಲ ರಾಡು ಹೊತ್ತಲೇ ಇಲ್ಲ. ಗೀರಿದ, ಕಿಡಿ, ಕಚ್ಚಿತು. ಕಿತ್ತ. ಮತ್ತೆ ಗೀರಿದ, ಮತ್ತೆ ಕಚ್ಚಿತು. ರಾಡಿನ ಮೇಲಿನ ಲೇಪಕ್ಕೆ ದಾರಿಯಲ್ಲಿ ತೇವ ತಾಗಿತ್ತು. ಆ ಲೇಪ ಸುಟ್ಟು ಹೊಗೆಯಾಗಿ, ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಮುಚ್ಚಿಕೊಂಡರೇ ಬೆಸುಗೆ. ನೆನೆದ ಲೇಪದಿಂದ ಬರುವುದು ಜೇನುಗೂಡಿನಂತೆ ತೂತು ತೂತು ಲೋಹ. ಹುಡುಗ ರಾಡುಗಳನ್ನು ತೆಗೆದುಕೊಂಡು ಬೈಕಿಗೆ ಓಡಿದ, ಕಿಕ್ ಹೊಡೆದು ಆ್ಯಕ್ಸಿಲರೇಟರ್ ಹಿಂಡಿ, ಸೈಲೆನ್ಸರಿನ ಮೇಲೆ ಒಂದೊಂದೇ ಹೊರಳಿಸುತ್ತ ಕೂತ. ಯಾರೂ ಅವನಿಗೆ ಹಾಗೆ ಮಾಡು ಅಂದಿರಲಿಲ್ಲ. ಬೈಕಿನ ಮುಂಗಾಲಿಗೆ ಆಗಲೇ ನೀರು ಬಂದಿತ್ತು.

ಕಾದ ರಾಡು ಬಂತು. ಮೇಸ್ತ್ರಿ ಗೀರಿದ.

ಹೊತ್ತಿತು! ಚರ್‌ರ್ ಅಂತ ನೀಲಿ ಬೆಳಕು ಇಡೀ ಹೊಲವನ್ನು ಒಮ್ಮೆಲೇ ಹಗಲು ಮಾಡಿತು. ಮಳೆಯ ಹನಿಗಳು ಗಾಳಿಯಲ್ಲಿ ಬೆಳ್ಳಗೆ ನಿಂತಂತೆ ಕಂಡವು; ಅವುಗಳಾಚೆ, ನಾವು ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲಿ, ನೀರು ಕಂಡಿತು. ಹೊಲದ ಸಾಲುಗಳ ನಡುವೆ ಹೊಳೆಯುತ್ತ ಬರುತ್ತಿತ್ತು. ಕಿರಿ ಹುಡುಗ ಚೀರಿದ. "ಆ ಕಡೆ ನೋಡಬ್ಯಾಡ್ರಿ, ಕಣ್ಣ ಹೋಗ್ತಾವ!" ಅಂತ ಮೇಸ್ತ್ರಿ ಅಡಿಯಿಂದ ಕೂಗಿದ. ಅವನಿಗೊಂದು ಕರೀ ಗಾಜಿತ್ತು. ದೀಪ ಹಿಡಿದ ನನಗೂ ಜಾಕು ಹಿಡಿದ ಮಾವನಿಗೂ ಇರಲಿಲ್ಲ. ಮುಖ ತಿರುವಿದೆವು, ಆದರೂ ಎಷ್ಟೆಂದು ತಿರುವುವುದು.

ನಾಲ್ಕು ಮೂಲೆಗೆ ನಾಲ್ಕು ಟಾಕಾ, ಆಮೇಲೆ ಉದ್ದಕ್ಕೆ ಬೆಸುಗೆ. ಇಲ್ಲಿ ಒಂದಿಂಚು, ಬಿಟ್ಟು ಅಲ್ಲೊಂದಿಂಚು, ತಿರುಗಿ ಇಲ್ಲಿ. ಒಂದೇ ಕಡೆ ಸಾಗಿದರೆ ಶಾಖಕ್ಕೆ ಚಾನೆಲ್ಲು ಸೊಟ್ಟಗಾಗುತ್ತದೆ. ತೇಪೆಯ ಮೂಲೆಗಳನ್ನು ಕಡಿದು ಓರೆ ಮಾಡಿದ್ದ. ಚಾನೆಲ್ಲಿಗೆ ನೆಟ್ಟಗೆ ಅಡ್ಡವಾಗಿ ಎಲ್ಲೂ ಬೆಸುಗೆ ಎಳೆಯಲಿಲ್ಲ. ಮೇಲಿನ ಅಂಚು, ಕೆಳಗಿನ ಅಂಚು ಮುಟ್ಟಲೇ ಇಲ್ಲ, ಗಾಡಿ ಬಾಗಿದಾಗ ಅತಿ ಹೆಚ್ಚು ಎಳೆತ ಬೀಳುವುದು ಅವೆರಡಕ್ಕೆ. ತಲೆಯ ಮೇಲೆ ಬೆಸೆಯುವಾಗ ಕರಗಿದ ಕಬ್ಬಿಣ ಅಂಗಿಯ ತೋಳಿನೊಳಗೆ ಇಳಿಯುತ್ತದೆ. ಇಳಿಯಿತು. ಮೇಸ್ತ್ರಿ ಕೈ ಕದಲಿಸಲಿಲ್ಲ, ರಾಡು ಮುಗಿದ ಮೇಲೆ ಕೈ ಝಾಡಿಸಿದ. ಸುಟ್ಟ ಕೂದಲಿನ ವಾಸನೆ ನನಗೆ ಬಂತು. ಪ್ರತಿ ರಾಡಿಗೊಮ್ಮೆ ಹೊರಗಿನಿಂದ ಹುಡುಗ ಬ್ಯಾಟರಿಯ ಮೈ ಮುಟ್ಟಿ ಕೂಗುತ್ತಿದ್ದ: "ಬಿಸಿ ಆಗೈತಿ, ತಡೀರಿ." ಬ್ಯಾಟರಿ ಆರುವವರೆಗೆ ಮೇಸ್ತ್ರಿ ಸ್ಲ್ಯಾಗು ಕೆತ್ತುತ್ತಿದ್ದ. ಕರೀ ಹೊಪ್ಪಳಿಕೆ ಉದುರಿದಲ್ಲಿ ಬೆಸುಗೆಯ ಅಲೆಯಲೆ ಗೆರೆ.

ಬೆನ್ನಡಿಯಲ್ಲಿ ಹಾಸಿದ್ದ ಬಾಗಿಲು ಒದ್ದೆಯಾದಾಗ ಮಾತ್ರ ಆತ ಬಾಯಿಬಿಟ್ಟ. "ತಮ್ಮಾ, ನೀರು ಬಂತೇನು?" ಬಂದಿತ್ತು. ಒಣಗಿದ ಗೋಣಿ ಇರಲಿಲ್ಲ. ಆತ ಎರಡು ಹೆಸರಿನ ಚೀಲ ತರಿಸಿ ಅವುಗಳ ಮೇಲೆ ಬೆನ್ನು ಕೊಟ್ಟು ಮಲಗಿ ಕೊನೆಯ ರಾಡು ಸುಟ್ಟ. ಮಾವ ಆ ಚೀಲಗಳನ್ನು ನೋಡಿದ, ಏನೂ ಅನ್ನಲಿಲ್ಲ.

"ಆತು. ಏರ್ರಿ" ಅಂತ ಮಾವ ಎದ್ದ. ಮೇಸ್ತ್ರಿ ಅಡ್ಡ ನಿಂತ.

"ಇನ್ನಾ ಇಲ್ಲ. ಕೆಂಪಗ ಐತಿ. ಈಗ ಹಳ್ಳಕ್ಕ ಇಳಿಸಿದ್ರ ಚುಂಯ್ ಅಂತೈತಿ, ಅಲ್ಲೇ ಸೀಳತೈತಿ. ಆರಲಿ."

"ಮೇಸ್ತ್ರಿ, ಹಳ್ಳ ನೋಡ್ರಿ!"

"ಹಳ್ಳ ನೋಡೇನಿ. ಆರಲಿ."

ಇಡೀ ರಾತ್ರಿಯಲ್ಲಿ ಅತಿ ಕಷ್ಟದ್ದು ಈ ಕಾಯುವಿಕೆ. ಮಾಡುವ ಕೆಲಸವಿದ್ದಷ್ಟು ಹೊತ್ತು ಹೆದರಿಕೆಗೆ ಜಾಗ ಇರಲಿಲ್ಲ. ಕಾದ ಕಬ್ಬಿಣವನ್ನು ತಟ್ಟನೆ ತಣಿಸಿದರೆ ಗಡುಸಾಗಿ ಬಿರಿಯಬಹುದು. ಸವೆದು ತೆಳ್ಳಗಾದ ಹಳೇ ಚಾನೆಲ್ಲಿನಲ್ಲಿ ಆ ಅಪಾಯವನ್ನು ಆತ ಮೈಮೇಲೆ ಎಳೆದುಕೊಳ್ಳಲು ತಯಾರಿರಲಿಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ ಸುದ್ದಿ ಕೇಳಿದಾಗಲೆಲ್ಲ ನನಗೆ ಈ ಗಳಿಗೆ ನೆನಪಾಗುತ್ತಿತ್ತು. ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು 19ನೇ ಗೇಟು ಕೊಚ್ಚಿಹೋಯಿತು. ತುಂಬಿ ನಿಂತ ಜಲಾಶಯದ 33 ಗೇಟುಗಳಲ್ಲಿ ಒಂದು, 60 ಅಡಿ ಅಗಲ, 20 ಅಡಿ ಎತ್ತರದ್ದು. ನೀರೆಲ್ಲ ಹೋಗಲಿ, ಆಮೇಲೆ ನೋಡೋಣ ಅನ್ನುವ ಮಾತೂ ಇತ್ತು. ವಯಸ್ಸು ಎಂಬತ್ತರ ಹತ್ತಿರದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು, ಹೊಸಪೇಟೆ ಸುತ್ತಿನ ಕಾರ್ಖಾನೆಗಳಲ್ಲಿ ಉಕ್ಕಿನ ತುಂಡುಗಳನ್ನು ಕಡಿದು ಬೆಸೆದರು, ಹರಿಯುವ ನೀರಿನೊಳಗೇ ಆಗಸ್ಟ್ 16ರಂದು ಮೊದಲ ತುಂಡನ್ನು ಇಳಿಸಿ, ಮರುದಿನ ಐದೂ ಕೂಡಿಸಿ ಬಾಯಿ ಮುಚ್ಚಿದರು. ಟಿವಿಯಲ್ಲಿ ಎಲ್ಲರೂ ಕ್ರೇನು ನೋಡುತ್ತಿದ್ದರು. ನಾನು ಮಾತ್ರ ಅಂಚಿನ ಬೆಸುಗೆಗಳನ್ನು ಹುಡುಕುತ್ತಿದ್ದೆ.

ಮೇಸ್ತ್ರಿ ತೇಪೆಯ ಮೇಲೆ ಅಂಗೈ ಇಟ್ಟ. ತೆಗೆದ. ಮತ್ತೆ ಇಟ್ಟು, ಇಟ್ಟೇ ಇದ್ದ. "ಈಗ ನಡೀರಿ."

ಹೊರಡುವ ಮುನ್ನ ಇನ್ನೊಂದು ಲೆಕ್ಕವಿತ್ತು. ಭಾರ ಹೆಚ್ಚಾದರೆ ಬೆಸುಗೆ ಹರಿಯಬಹುದು, ಭಾರ ಕಡಿಮೆಯಾದರೆ ಗಾಡಿ ತೇಲಬಹುದು. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರನ್ನು ಎತ್ತುತ್ತದೆ, ಎರಡಡಿ ಇದ್ದರೆ ಹೆಚ್ಚಿನ ಗಾಡಿಗಳನ್ನು ಒಯ್ಯುತ್ತದೆ. ದಾಟಿನ ಮೇಲೆ ಆಗ ಮೊಣಕಾಲಿಗೆ ಗೇಣು ಕಡಿಮೆ. ಹೆಸರಿನ ಚೀಲಗಳಲ್ಲಿ ನಾಲ್ಕನ್ನು ಹಿಂದಿನಿಂದ ಎಳೆದು ಎರಡು ಅಚ್ಚುಗಳ ನಡುವೆ ನೆಲಕ್ಕೆ ಹಾಸಿದರು, ಅವುಗಳ ಮೇಲೆ ಆಯಿ ಮತ್ತು ಹುಡುಗರು. ಉಳಿದವನ್ನು ಅಲ್ಲೇ ಬಿಟ್ಟೆವು. ಅತ್ತಿ ಒಮ್ಮೆ ತಿರುಗಿ ನೋಡಿ, "ಹೋಗ್ಲಿ ಬಿಡು" ಅಂದಳು. ಮೇಸ್ತ್ರಿಯ ಹುಡುಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೋಲೂರುತ್ತ ಮೊದಲು ದಾಟಿದ, ಆಚೆ ದಂಡೆಯ ಜಾಲಿಗೆ ಹಗ್ಗ ಬಿಗಿದ. ಈಚೆ ತುದಿ ಜೀಪಿನ ಮುಂದಿನ ಕೊಂಡಿಗೆ. ಕೂಲಿಯ ಹೆಣ್ಣುಮಕ್ಕಳು ಜೀಪು ಬೇಡ ಅಂದರು, ಆ ಹಗ್ಗ ಹಿಡಿದು ತಾವೇ ದಾಟಿಹೋದರು.

ಬ್ಯಾಟರಿ ತಿರುಗಿ ಕೂಡಿಸಿದಾಗ ಸ್ಟಾರ್ಟರು ಗೊರ್ ಅಂದು ಸುಮ್ಮನಾಯಿತು. ಬೆಂಕಿ ಕೊಟ್ಟು ಕೊಟ್ಟು ಬಡವಾಗಿತ್ತು. ಮೇಸ್ತ್ರಿ ತನ್ನ ಬ್ಯಾಟರಿಯನ್ನು ಅದರ ಪಕ್ಕಕ್ಕೆ ಹಚ್ಚಿದ. ಗೊರ್, ಗೊರ್, ಗೊರ್. ಹೊತ್ತಿತು.

ಮೊದಲ ಗೇರಿನಲ್ಲಿ, ಕ್ಲಚ್ಚಿನ ಮೇಲೆ ಕಾಲಿಡದೆ, ನಿಲ್ಲದೆ. ದಾಟಿನ ಅಂಚಿನ ಕಲ್ಲುಕಂಬಗಳ ತುದಿಗಳು ನೀರ ಮೇಲೆ ಕಾಣುತ್ತಿದ್ದವು, ಮಾವ ಅವನ್ನೇ ಗುರಿ ಹಿಡಿದ. ಮೇಸ್ತ್ರಿ ಹಿಂದಿನ ಪಾವಟಿಗೆಯ ಮೇಲೆ ಮಂಡಿಯೂರಿ, ತಲೆ ಕೆಳಗೆ ಹಾಕಿ, ದೀಪ ಹಿಡಿದು ತನ್ನ ಬೆಸುಗೆಯನ್ನೇ ನೋಡುತ್ತ ಬಂದ. ನಟ್ಟನಡುವೆ ಹಿಂದಿನ ಗಾಲಿ ಒಂದು ಗೇಣು ಕೆಳಕ್ಕೆ ಜಾರಿತು. ಹಗ್ಗ ಬಿಗಿದು ತಂತಿಯ ಹಾಗೆ ಮಿಡಿಯಿತು. ನೀರು ಬಾಗಿಲಿನ ಸಂದಿಯಿಂದ ಒಳಗೆ ಬಂತು. ಅಡಿಯಿಂದ 'ಕಟ್' ಅಂತ ಒಂದು ಸದ್ದು. ಎಲ್ಲರಿಗೂ ಕೇಳಿತು.

"ಹೋತೇನು?" ಮಾವ ಮುಖ ತಿರುವದೇ ಕೂಗಿದ.

"ಸ್ಲ್ಯಾಗು! ಸ್ಲ್ಯಾಗಿನ ಚೂರು ಸಿಡೀತು! ನೀವು ಬಿಡಬ್ಯಾಡ್ರಿ, ಹೊಡೀರಿ!"

ಮುಂಗಾಲಿ ಕಲ್ಲು ಹಿಡಿಯಿತು, ಹಿಂಗಾಲಿ ಹಿಡಿಯಿತು, ಜೀಪು ನೀರು ಸುರಿಸುತ್ತ ದಂಡೆ ಹತ್ತಿತು. ಆಯಿ ಅಷ್ಟು ಹೊತ್ತು ಮುಚ್ಚಿದ್ದ ಕಣ್ಣು ತೆರೆದು, ತಾನು ಕೂತ ಚೀಲ ತಟ್ಟಿ, "ಹೆಸರ ನೆನದಾವ, ಹಪ್ಪಳಕ್ಕ ಬರೂದಿಲ್ಲ" ಅಂದಳು.

ಆ ರಾತ್ರಿ ಎರಡರ ಹೊತ್ತಿಗೆ ನನಗೂ ಮಾವನಿಗೂ ಕಣ್ಣಲ್ಲಿ ಉಸುಕು ತುಂಬಿ ಉಜ್ಜಿದ ಹಾಗೆ ಉರಿ ಎದ್ದಿತು. ಆರ್ಕಿನ ಅತಿನೇರಳೆ ಕಿರಣ ಕಣ್ಣಿನ ಹೊರಪದರವನ್ನು ಬಿಸಿಲು ಚರ್ಮ ಸುಟ್ಟಂತೆ ಸುಡುತ್ತದೆ, ನೋವು ಹೊತ್ತಿಕೊಳ್ಳುವುದು ತಾಸುಗಟ್ಟಲೆ ಆದಮೇಲೆ. ಅತ್ತಿ ಸೌತಿಕಾಯಿ ಹೋಳು ಇಟ್ಟಳು, ತಂಪು ಹಿತವೆನಿಸಿತು, ಅಷ್ಟೇ. ಬೆಳಿಗ್ಗೆ ಡಾಕ್ಟರು ಹನಿ ಬಿಟ್ಟು ಕತ್ತಲಲ್ಲಿ ಮಲಗಿಸಿದರು. ಮಾರನೆಯ ದಿನಕ್ಕೆ ಇಳಿಯಿತು. ಹೊಲದಲ್ಲಿ ಬಿಟ್ಟ ಚೀಲಗಳು ಸಿಗಲಿಲ್ಲ. ಬೈಕು ಜಾಲಿಗಿಡದ ಬುಡದಲ್ಲೇ ರಾಡಿ ತುಂಬಿಕೊಂಡು ಬಿದ್ದಿತ್ತು, ಅದನ್ನು ಬಿಚ್ಚಿ ತೊಳೆದು ಮತ್ತೆ ಓಡಿಸಿದ್ದಾರೆ.

ಕಣ್ಣು ತಿಳಿಯಾದ ಮೇಲೆ ಮಾವ ಜೀಪನ್ನು ಮೇಸ್ತ್ರಿಯ ಅಂಗಡಿಗೆ ಒಯ್ದ. ಮನಸ್ಸಿನಲ್ಲಿದ್ದದ್ದು ಆ ತೇಪೆಗೆ ರೆಡ್ ಆಕ್ಸೈಡ್ ಬಳಿಸಿ, ಒಳಗೆ ಸುಟ್ಟ ಆಯಿಲ್ ಸುರಿಸಿ, ಬಾಡಿಗೆಗೆ ಬಿಡುವುದು. ಮೇಸ್ತ್ರಿ ಕೇಳಲಿಲ್ಲ. ತಾನು ಪ್ರಾಣ ಒತ್ತೆಯಿಟ್ಟು ಹಾಕಿದ್ದ ಬೆಸುಗೆಯನ್ನು ಗ್ರೈಂಡರಿನಿಂದ ತಾನೇ ಕೊಯ್ಯತೊಡಗಿದ.

"ಇದು ಹಳ್ಳ ದಾಟಾಕ ಹಾಕಿದ್ದು ಗೌಡ್ರ, ಹುಬ್ಬಳ್ಳಿಗೆ ಹೋಗಾಕ ಅಲ್ಲ. ಈ ಬದಿ ಪೂರಾ ಚಾನೆಲ್ ತುಂಡ ಹೊಸದ ಹಾಕೂಣು. ಚಾಸಿ ನಂಬರ್ ಇರೂ ಜಾಗಾ ಮುಟ್ಟೂದಿಲ್ಲ, ಆರ್‌ಟಿಓದವರು ಕೇಳ್ತಾರ."

ಮಾವ ಒಪ್ಪಿದ. ಎಷ್ಟಾಗುತ್ತದೆ ಅಂತ ಕೇಳಿದ. ಮೇಸ್ತ್ರಿ ಹೇಳುವ ಬದಲು ಹ್ಯಾಮರ್ ತೆಗೆದುಕೊಂಡು ಜೀಪಿನ ಬಲಗಡೆಗೆ ಹೋದ, ಬಗ್ಗಿ ಬಡಿಯುತ್ತ ಬಂದ. ಟಣ್, ಟಣ್, ಟಣ್, ಟಪ್.

"ಹುಡುಗಾ," ಅಂದ ಅಡಿಯಿಂದಲೇ, "ಗ್ಯಾಸ್ ಕಟರ್ ತಾ. ಗೌಡ್ರಿಗೊಂದ ಖುರ್ಚಿ ಹಾಕು."